ಬೆನ್ನಿನಿಂದಲೋ, ಹೊಟ್ಟೆಯಿಂದಲೋ: ಸ್ತನ ಮರುನಿರ್ಮಾಣ ಮತ್ತು ನಮ್ಮ ದುಡಿಯುವ ಹೆಣ್ಣುಮಕ್ಕಳು

ಸ್ತನ ಕ್ಯಾನ್ಸರಿನ ಬಗ್ಗೆ ನಮ್ಮ ಕಡೆ ಈಗ ಮೊದಲಿನಷ್ಟು ಮುಚ್ಚುಮರೆ ಇಲ್ಲ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ವಿಚಾರಿಸುತ್ತಾರೆ. 30 ದಾಟಿದ ಹೆಣ್ಣುಮಕ್ಕಳಿಗೆ ತಪಾಸಣೆ ನಡೆಯುತ್ತದೆ. ಎದೆಯಲ್ಲಿ ಗಂಟು ಕಂಡರೆ ತಡಮಾಡಬೇಡಿ ಎಂಬ ಮಾತು ಹಳ್ಳಿಗಳಿಗೂ ಮುಟ್ಟಿದೆ. ಆದರೆ ಸ್ತನ ತೆಗೆದ ಮೇಲೆ ಆ ಜಾಗದಲ್ಲಿ ಮತ್ತೊಂದನ್ನು ಕಟ್ಟಬಹುದು, ಅದೂ ಆಕೆಯ ಮೈಯದೇ ಚರ್ಮ, ಕೊಬ್ಬು, ಸ್ನಾಯುಗಳಿಂದ ಕಟ್ಟಬಹುದು ಎಂಬ ಸಂಗತಿ ಇನ್ನೂ ಆಸ್ಪತ್ರೆಯ ಗೋಡೆ ದಾಟಿ ಹೊರಗೆ ಬಂದಿಲ್ಲ. ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆಯ ಹೆಣ್ಣುಮಗಳಿಗೆ ಅದು ಗೊತ್ತಾಗುವುದು ಬಹಳ ಸಲ ಹೊಲಿಗೆ ಬಿಚ್ಚಿ, ಗಾಯ ಮಾಗಿದ ಮೇಲೆ. ಕೆಲವರಿಗೆ ಕೊನೆಯವರೆಗೂ ಗೊತ್ತಾಗುವುದೇ ಇಲ್ಲ.

ಈ ವಿಷಯ ಬರೆಯುವವರು ಸಾಮಾನ್ಯವಾಗಿ ಸೌಂದರ್ಯ, ಆತ್ಮವಿಶ್ವಾಸ ಎಂಬಲ್ಲಿಂದ ಶುರು ಮಾಡುತ್ತಾರೆ. ನಾನು ದುಡಿಮೆಯಿಂದ ಶುರು ಮಾಡಲು ಬಯಸುತ್ತೇನೆ. ಬೆನ್ನಿನ ಸ್ನಾಯು ತೆಗೆಯುವುದೋ, ಹೊಟ್ಟೆಯ ಕೊಬ್ಬು ತೆಗೆಯುವುದೋ ಎಂಬ ಪ್ರಶ್ನೆ ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವಳಿಗೆ ಒಂದು ಬಗೆಯದು. ತಿಕೋಟಾದ ದ್ರಾಕ್ಷಿ ಪಡದಲ್ಲಿ ದಿನವಿಡೀ ಕೈ ಎತ್ತಿ ನಿಲ್ಲುವವಳಿಗೆ, ಹಿಂಗಾರಿ ಜೋಳ ಕೀಳುವವಳಿಗೆ ಅದು ಬೇರೆಯೇ ಪ್ರಶ್ನೆ. ಆಕೆಯ ಮೈಯಲ್ಲಿ ಯಾವ ಭಾಗವನ್ನು ಆಕೆಯ ಕೆಲಸ ಬಿಟ್ಟುಕೊಡಬಲ್ಲದು ಎಂದು ನೋಡಿ ನಿರ್ಧರಿಸಬೇಕು. ಆ ಮಾತುಕತೆ ಮೊದಲನೆಯ ಕತ್ತರಿ ಆಡುವ ಮುನ್ನವೇ ಆಗಬೇಕು.

ಮೊದಲು ರೋಗದ ಗಾತ್ರ ನೋಡೋಣ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೆಣ್ಣುಮಕ್ಕಳಿಗೆ ಹೊಸದಾಗಿ ಸ್ತನ ಕ್ಯಾನ್ಸರ್ ಪತ್ತೆಯಾಯಿತು. ಸುಮಾರು 98 ಸಾವಿರ ಮಂದಿ ಅದರಿಂದ ತೀರಿಕೊಂಡರು. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ 1982ರಿಂದ ನಗರದ ಕ್ಯಾನ್ಸರ್ ದಾಖಲೆ ಇಡುತ್ತ ಬಂದಿದೆ. ಆಗ ಗರ್ಭಕಂಠದ ಕ್ಯಾನ್ಸರ್ ಮುಂದಿತ್ತು, ಈಗ ಸ್ತನದ್ದು ಮುಂದಿದೆ. ಪಾಶ್ಚಾತ್ಯ ದೇಶಗಳಿಗಿಂತ ನಮ್ಮಲ್ಲಿ ಈ ರೋಗ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಅಂದರೆ ನಲವತ್ತೈದು, ಐವತ್ತರ ಹೆಣ್ಣುಮಗಳು. ಮಕ್ಕಳ ಓದು, ಮದುವೆ, ಹೊಲದ ಸಾಲ, ಅತ್ತೆ ಮಾವಂದಿರ ಆರೈಕೆ ಎಲ್ಲ ಆಕೆಯ ಮೇಲೇ ಇರುವ ವಯಸ್ಸು. "ಈ ವಯಸ್ಸಿನಾಗ ಇದೆಲ್ಲಾ ಯಾಕ ಬೇಕು" ಎಂದು ಮನೆಯವರು ಅನ್ನುವುದುಂಟು. ಆ ವಯಸ್ಸಿಗೆ ಇನ್ನೂ ಮೂವತ್ತು ವರ್ಷದ ಬಾಳು ಬಾಕಿ ಇದೆ ಎಂಬುದನ್ನು ಆ ಮಾತು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಗಂಟು ಸಣ್ಣದಿದ್ದಾಗ ಸ್ತನವನ್ನೆಲ್ಲ ತೆಗೆಯಬೇಕಾಗಿಲ್ಲ. ಇಟಲಿಯ ಮಿಲಾನಿನಲ್ಲಿ ಉಂಬೆರ್ತೊ ವೆರೊನೇಸಿ ನಡೆಸಿದ ಅಧ್ಯಯನ 1981ರಲ್ಲೇ ಇದನ್ನು ತೋರಿಸಿತು, 2002ರಲ್ಲಿ ಇಪ್ಪತ್ತು ವರ್ಷದ ಫಲಿತಾಂಶ ಬಂದಾಗ ಅದು ಗಟ್ಟಿಯಾಯಿತು: ಗಂಟಿರುವ ಭಾಗವನ್ನಷ್ಟೇ ತೆಗೆಸಿ ವಿಕಿರಣ ಪಡೆದವರೂ ಇಡೀ ಸ್ತನ ತೆಗೆಸಿಕೊಂಡವರೂ ಒಂದೇ ಪ್ರಮಾಣದಲ್ಲಿ ಬದುಕಿದರು. ಆದರೆ ಅದಕ್ಕೆ ರೋಗ ಬೇಗ ಸಿಗಬೇಕು, ವಿಕಿರಣಕ್ಕೆ ವಾರಗಟ್ಟಲೆ ದಿನಾಲೂ ಹೋಗಿಬರಲು ಸಾಧ್ಯವಿರಬೇಕು. ನಮ್ಮ ಭಾಗದವರು ಕ್ಯಾನ್ಸರ್ ಚಿಕಿತ್ಸೆಗೆ ತಲೆಮಾರುಗಳಿಂದ ಮಿರಜ, ಸೊಲ್ಲಾಪುರ, ಬಾರ್ಶಿ, ಹುಬ್ಬಳ್ಳಿ, ಬೆಳಗಾವಿ ಎಂದು ಅಲೆದವರು. ಕೊನೆಗೆ ಗೋಳಗುಮ್ಮಟ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಕಿದ್ವಾಯಿ. ಆ ಅಲೆದಾಟಕ್ಕೆ ಹೆದರಿ "ಪೂರಾ ತೆಗೆದುಬಿಡ್ರಿ, ಒಮ್ಮೆಗೇ ಮುಗಿದು ಹೋಗಲಿ" ಎನ್ನುವವರು ಇದ್ದಾರೆ. ಗಂಟು ದೊಡ್ಡದಾಗಿ, ಬಗಲಿಗೂ ಹಬ್ಬಿದ ಮೇಲೆ ಬರುವವರೇ ಇನ್ನೂ ಹೆಚ್ಚು. ಹೀಗಾಗಿ ಪೂರ್ತಿ ಸ್ತನ, ಮೊಲೆತೊಟ್ಟು, ಮೇಲಿನ ಚರ್ಮದ ಒಂದು ಭಾಗ, ಬಗಲ ಗ್ರಂಥಿಗಳನ್ನು ಒಟ್ಟಿಗೆ ತೆಗೆಯುವ ಆಪರೇಶನ್ನೇ ನಮ್ಮಲ್ಲಿ ರೂಢಿ.

ಸ್ವಂತ ಅಂಗಾಂಶದಿಂದ ಅಂಗ ಕಟ್ಟುವ ವಿದ್ಯೆಗೆ ನಮ್ಮ ನೆಲದ ನಂಟಿದೆ. 1792ರ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕಾವಸ್ಜಿ ಎಂಬವನು ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿದರು. ಮುಂದೆ ಪುಣೆಯಲ್ಲಿ ಈ ಕಸುಬು ಬಲ್ಲ ಒಬ್ಬ ದೇಸಿ ವೈದ್ಯ ಅವನ ಹಣೆಯ ಚರ್ಮದಿಂದ ಹೊಸ ಮೂಗು ಕಟ್ಟಿದ. ಆ ವರದಿ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜೀನ್'ನಲ್ಲಿ ಅಚ್ಚಾಯಿತು. ಅದನ್ನು ಓದಿದ ಜೋಸೆಫ್ ಕಾರ್ಪ್ಯೂ 1814ರಲ್ಲಿ ಲಂಡನ್ನಿನಲ್ಲಿ ಅದನ್ನೇ ಮಾಡಿದ. ಅಲ್ಲಿಯ ಗುಟ್ಟು ಇಷ್ಟೇ: ಹಣೆಯ ಚರ್ಮವನ್ನು ಪೂರ್ತಿ ಕತ್ತರಿಸಿ ತೆಗೆಯಲಿಲ್ಲ. ಹುಬ್ಬುಗಳ ನಡುವೆ ಒಂದು ಪಟ್ಟಿ ಹಾಗೇ ಉಳಿಸಿ ತಿರುವಿ ತಂದರು. ಆ ಪಟ್ಟಿಯೊಳಗಿಂದ ರಕ್ತ ಹರಿಯಿತು, ಚರ್ಮ ಬದುಕಿತು. ಇವತ್ತಿನ ಸ್ತನ ಮರುನಿರ್ಮಾಣದಲ್ಲೂ ಮೂಲ ತತ್ವ ಇದೇ. ರಕ್ತ ಹರಿಯುವವರೆಗೆ ಅಂಗಾಂಶ ಜೀವಂತ.

ಸ್ತನದ ವಿಷಯಕ್ಕೆ ಈ ವಿದ್ಯೆ ಬಂದದ್ದು 1896ರಲ್ಲಿ. ಇಟಲಿಯ ಇಜೀನಿಯೋ ತಾನ್ಸೀನಿ ಸ್ತನ ತೆಗೆದ ಗಾಯಕ್ಕೆ ಬೆನ್ನಿನ ಚರ್ಮ ತಿರುವಿ ಹೊದಿಸಿದ. ಬರೀ ಚರ್ಮ ತಂದರೆ ಅಂಚು ಸಾಯುತ್ತದೆ ಎಂದು ಕಂಡು, 1906ರ ಹೊತ್ತಿಗೆ ಅಡಿಯ ಸ್ನಾಯುವನ್ನೂ ಜೊತೆಗೆ ತರತೊಡಗಿದ. ಆದರೆ ಆ ಕಾಲದಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಮಾತೇ ಕೊನೆಯ ಮಾತು. ಆತ ಸ್ತನದ ಜೊತೆ ಎದೆಯ ಸ್ನಾಯುಗಳನ್ನೂ ತೆಗೆಯುತ್ತಿದ್ದ, ಹೊರಗಿನ ಚರ್ಮ ತಂದು ಮುಚ್ಚುವುದನ್ನು ಒಪ್ಪುತ್ತಿರಲಿಲ್ಲ. ತಾನ್ಸೀನಿಯ ಕೆಲಸ ಮೂಲೆಗೆ ಬಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಬೇರೆಯವರು ಅದೇ ಬೆನ್ನಿನ ಸ್ನಾಯುವನ್ನು ಹೊಸದಾಗಿ ಬಳಕೆಗೆ ತಂದರು. ನಡುವಿನ ಎಪ್ಪತ್ತು ವರ್ಷಗಳಲ್ಲಿ ಎಷ್ಟು ಹೆಣ್ಣುಮಕ್ಕಳು ಇದನ್ನು ಕೇಳಿಯೂ ಇರಲಿಲ್ಲವೋ! ಗೊತ್ತಿರುವ ಚಿಕಿತ್ಸೆ ಯಾರದೋ ಒಪ್ಪಿಗೆ ಇಲ್ಲದ್ದಕ್ಕೆ ಹೆಣ್ಣುಮಕ್ಕಳಿಗೆ ಮುಟ್ಟದೇ ಹೋದ ಈ ಕತೆ ನನಗೆ ಬಹಳ ನೋವು ತರುತ್ತದೆ. ಕಾರಣ, ಅದು ಇಂದಿಗೂ ಬೇರೆ ರೂಪದಲ್ಲಿ ನಡೆದೇ ಇದೆ.

ಈಗ ದಾರಿಗಳನ್ನು ನೋಡೋಣ. ಮೊದಲನೆಯದು ಬೆನ್ನಿನ ಅಗಲ ಸ್ನಾಯು, ಲ್ಯಾಟಿಸಿಮಸ್ ಡಾರ್ಸೈ. ಸರ್ಜನ್‌ಗಳು ಚುಟುಕಾಗಿ ಎಲ್‌ಡಿ ಎನ್ನುತ್ತಾರೆ. ಬಗಲ ಹಿಂದೆ ಕೈಯಿಟ್ಟು ಕೆಮ್ಮಿದರೆ ಬಿಗಿಯಾಗುವ ಸ್ನಾಯು ಇದೇ. ಬಗಲಿನಿಂದ ಇದಕ್ಕೆ ಬರುವ ರಕ್ತನಾಳ ದಪ್ಪನೆಯದು, ನಂಬಿಕಸ್ತವಾದದ್ದು. ಸ್ನಾಯುವನ್ನು ಮೇಲಿನ ಚರ್ಮದ ಒಂದು ತುಂಡಿನೊಂದಿಗೆ ಬಿಡಿಸಿ, ನಾಳ ಹಾಗೇ ಇಟ್ಟುಕೊಂಡು, ಬಗಲ ಕೆಳಗಿನ ಸುರಂಗದಿಂದ ಎದೆಗೆ ತರುತ್ತಾರೆ. ಮೂರು ನಾಲ್ಕು ತಾಸಿನ ಕೆಲಸ. ಮೈಕ್ರೋಸ್ಕೋಪ್ ಬೇಡ. ತಂದ ಅಂಗಾಂಶ ಸಾಯುವುದು ತೀರ ಅಪರೂಪ. ದೊಡ್ಡ ಸ್ತನಕ್ಕೆ ಇದೊಂದೇ ಸಾಲದೆ ಒಳಗೆ ಸಿಲಿಕೋನ್ ಇಡಬೇಕಾಗಬಹುದು. ಮಧ್ಯಮ ಗಾತ್ರಕ್ಕೆ ಸುತ್ತಲಿನ ಕೊಬ್ಬನ್ನೂ ಸೇರಿಸಿ ತಂದರೆ ಸಾಕಾಗುತ್ತದೆ. ಬೆನ್ನಿನ ಗಾಯದಲ್ಲಿ ನೀರು ತುಂಬುವುದು ಇದರ ಸಾಮಾನ್ಯ ಕಿರಿಕಿರಿ. ನೀರು ಹೊರಹಾಕುವ ಡ್ರೇನ್ ನಳಿಕೆ ತೆಗೆದ ಮೇಲೂ ಕೆಲವು ಸಲ ಸಿರಿಂಜಿನಿಂದ ನೀರು ಎಳೆಸಿಕೊಳ್ಳಬೇಕಾಗುತ್ತದೆ. ಗಾಯದ ಗೆರೆಯನ್ನು ಅಡ್ಡಕ್ಕೆ ಹಾಕಿದರೆ ಅದು ಕುಪ್ಪಸದ ಬೆನ್ನಿನೊಳಗೆ ಮುಚ್ಚಿಹೋಗುತ್ತದೆ. ನಮ್ಮ ಕಡೆಯ ಕುಪ್ಪಸ ಗಿಡ್ಡ, ಆದ್ದರಿಂದ ಕುಪ್ಪಸ ಹಾಕಿಕೊಂಡೇ ಬಂದು, ಎಲ್ಲಿಗೆ ಮುಚ್ಚುತ್ತದೆ ಎಂದು ಸರ್ಜನ್ ಹತ್ತಿರ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳುವುದು ಒಳ್ಳೆಯದು.

ಎರಡನೆಯದು ಹೊಟ್ಟೆ. ಹೊಕ್ಕುಳ ಕೆಳಗಿನ ಚರ್ಮ, ಕೊಬ್ಬು ಎರಡು ಮೂರು ಹೆರಿಗೆ ಆದವರಲ್ಲಿ ಸಡಿಲವಾಗಿ ಸಾಕಷ್ಟು ಇರುತ್ತದೆ, ಮೃದುತ್ವದಲ್ಲಿ ಸ್ತನಕ್ಕೆ ಬಹಳ ಹತ್ತಿರ. 1982ರಲ್ಲಿ ಅಟ್ಲಾಂಟಾದ ಕಾರ್ಲ್ ಹಾರ್ಟ್ರಾಂಫ್ ಈ ಭಾಗವನ್ನು ಹೊಟ್ಟೆಯ ಉದ್ದನೆಯ ಸ್ನಾಯುವಿನ ಸಮೇತ ಎದೆಗೆ ಏರಿಸುವ ವಿಧಾನ ಪ್ರಕಟಿಸಿದ. ಅದಕ್ಕೆ ಟ್ರ್ಯಾಮ್ ಎಂದು ಹೆಸರು. ಆಮೇಲೆ ಸ್ನಾಯುವನ್ನು ಅಲ್ಲೇ ಬಿಟ್ಟು, ಅದರೊಳಗಿಂದ ಹಾದುಬರುವ ಸಣ್ಣ ನಾಳಗಳನ್ನಷ್ಟೇ ಬಿಡಿಸಿಕೊಳ್ಳುವ ಉಪಾಯ ಬಂತು. ಜಪಾನಿನ ಇಸಾವೊ ಕೋಶಿಮಾ 1989ರಲ್ಲಿ ದಾರಿ ತೋರಿಸಿದ. ಅಮೆರಿಕದ ರಾಬರ್ಟ್ ಅಲೆನ್ 1992ರ ಹೊತ್ತಿಗೆ ಅದನ್ನು ಸ್ತನಕ್ಕೆ ಬಳಸಿದ. ಇದು ಡೀಪ್ ಎಂಬ ಹೆಸರಿನಿಂದ ಪ್ರಸಿದ್ಧ.

ನಾಳ ಕತ್ತರಿಸದೆ ತರುವುದಕ್ಕೂ ಕತ್ತರಿಸಿ ಜೋಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ದ್ರಾಕ್ಷಿ ಬೆಳೆಯುವವರಿಗೆ ಹೀಗೆ ಹೇಳಬಹುದು: ಡ್ರಿಪ್ ಪೈಪನ್ನು ವಾಲ್ವಿನಿಂದ ಬಿಚ್ಚದೆ ಪಕ್ಕದ ಸಾಲಿಗೆ ಎಳೆದು ಹಾಸಿದರೆ ಅದು ಎಲ್‌ಡಿ ಅಥವಾ ಟ್ರ್ಯಾಮ್, ಪೈಪನ್ನು ಕತ್ತರಿಸಿ ಒಯ್ದು ಬೇರೆ ಮೇನ್ ಲೈನಿಗೆ ಜೋಡಿಸಿದರೆ ಅದು ಡೀಪ್. ಜೋಡಿಸಬೇಕಾದ ನಾಳ ಎರಡು ಮೂರು ಮಿಲಿಮೀಟರಿನದು. ಎದೆಮೂಳೆಯ ಪಕ್ಕ ಪಕ್ಕೆಲುಬಿನ ಕೆಳಗೆ ಇರುವ ನಾಳಕ್ಕೆ ಅದನ್ನು ಕೂದಲಿಗಿಂತ ತೆಳುವಾದ ನೈಲಾನ್ ದಾರದಿಂದ ಮೈಕ್ರೋಸ್ಕೋಪ್ ಕೆಳಗೆ ಹೊಲಿಯುತ್ತಾರೆ. ಆರರಿಂದ ಎಂಟು ತಾಸು ಹಿಡಿಯುತ್ತದೆ, ಹೆಚ್ಚೂ ಆಗಬಹುದು.

ಹೊಲಿದು ಬಂದ ಮೇಲಿನ ರಾತ್ರಿಯೇ ನಿಜವಾದ ಪರೀಕ್ಷೆ. ನರ್ಸ್ ತಾಸಿಗೊಮ್ಮೆ ಬಂದು ಹೊಸ ಚರ್ಮದ ಮೇಲೆ ಬೆರಳು ಒತ್ತಿ ಬಿಡುತ್ತಾಳೆ. ಒತ್ತಿದ ಜಾಗ ಬೆಳ್ಳಗಾಗಿ, ಎರಡು ಮೂರು ಸೆಕೆಂಡಿನಲ್ಲಿ ಮತ್ತೆ ಬಣ್ಣ ತುಂಬಬೇಕು. ಬೆರಳಿನ ಹಿಂಭಾಗ ಇಟ್ಟು ಬಿಸಿ ನೋಡುತ್ತಾಳೆ. ಸಣ್ಣ ಡಾಪ್ಲರ್ ಪೆನ್ನು ಇಟ್ಟು ನಾಡಿಯ ಸದ್ದು ಕೇಳುತ್ತಾಳೆ. ಚರ್ಮ ಬಿಳಿಚಿಕೊಂಡು ತಣ್ಣಗಾದರೆ ರಕ್ತ ಒಳಗೆ ಬರುತ್ತಿಲ್ಲ. ನೀಲಿಗಟ್ಟಿ ಊದಿದರೆ ಹೊರಗೆ ಹೋಗುತ್ತಿಲ್ಲ. ಎರಡರಲ್ಲಿ ಯಾವುದು ಕಂಡರೂ ನಡುರಾತ್ರಿಯಾದರೂ ತಕ್ಷಣ ಥಿಯೇಟರಿಗೆ ಒಯ್ಯಬೇಕು. ಕೆಲವೇ ತಾಸು ತಡವಾದರೆ ಅಂಗಾಂಶ ಉಳಿಯುವುದಿಲ್ಲ. ನುರಿತ ತಂಡಗಳಲ್ಲಿ ಪೂರ್ತಿ ಕೆಡುವುದು ನೂರಕ್ಕೆ ಒಂದರಿಂದ ಐದರೊಳಗೆ. ಆ ಅಂಕಿ ಬರುವುದು ಸರ್ಜನ್ ಕೈಚಳಕದಿಂದ ಎಷ್ಟೋ, ರಾತ್ರಿ ಪಾಳಿಯ ನರ್ಸಿನ ಬೆರಳಿನಿಂದಲೂ ಅಷ್ಟೇ. ಬರೀ ಮೈಕ್ರೋಸ್ಕೋಪ್ ಕೊಂಡು ಇಟ್ಟರೆ ಡೀಪ್ ಶುರುವಾಗುವುದಿಲ್ಲ ಎಂದು ಹೇಳುವುದು ಇದಕ್ಕೇ.

ತೊಡೆಯಿಂದ ತರುವ ವಿಧಾನಗಳೂ ಇವೆ. ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತು ಕಳೆ ತೆಗೆಯುವವರಿಗೆ ತೊಡೆಸಂದಿಯ ಗಾಯ ಬಹಳ ತೊಂದರೆ ಕೊಡುತ್ತದೆ, ಅವುಗಳನ್ನು ಇಲ್ಲಿ ಬೆಳೆಸುವುದಿಲ್ಲ. ಹೊಟ್ಟೆ ತೊಡೆಗಳ ಕೊಬ್ಬನ್ನು ಸೂಜಿಯಿಂದ ಹೀರಿ ತುಂಬುವುದು ಸಣ್ಣ ತಗ್ಗುಗಳನ್ನು ಸರಿಮಾಡಲು ಒಳ್ಳೆಯದು. ಪೂರ್ತಿ ಸ್ತನ ಕಟ್ಟಲು ಹಲವು ಸಲ ಬರಬೇಕಾಗುತ್ತದೆ.

ಇನ್ನು ದುಡಿಮೆಯ ಲೆಕ್ಕ. ಬೆನ್ನಿನ ಆ ಅಗಲ ಸ್ನಾಯು ಕೈ ಎತ್ತುವುದಿಲ್ಲ. ಎತ್ತಿದ ಕೈಯನ್ನು ಬಲದಿಂದ ಕೆಳಕ್ಕೆ, ಹಿಂದಕ್ಕೆ ಎಳೆಯುವುದು ಅದರ ಕೆಲಸ. ಬಾವಿಯ ಹಗ್ಗ ಎಳೆಯುವುದು, ಕೊಡಲಿ ಹಾಕುವುದು, ಕೈಯೂರಿ ನೆಲದಿಂದ ಏಳುವುದು ಎಲ್ಲದರಲ್ಲೂ ಅದಿದೆ. ನಮ್ಮ ಜಿಲ್ಲೆಯಲ್ಲಿ ಹಿಂಗಾರಿ ಜೋಳವನ್ನು ಬೇರು ಸಮೇತ ಕೈಯಿಂದ ಕೀಳುವ ಪದ್ಧತಿ ಇದೆಯಲ್ಲ, ಆ ಕೆಲಸದ ತಿರುಳೇ ಈ ಎಳೆತ. ಸ್ನಾಯು ತೆಗೆದ ಮೇಲೆ ಪಕ್ಕದ ಸ್ನಾಯುಗಳು ನಿಧಾನಕ್ಕೆ ಅದರ ಕೆಲಸ ಹೊರುತ್ತವೆ. ಹೆಚ್ಚಿನವರಿಗೆ ಆರು ತಿಂಗಳು, ಒಂದು ವರ್ಷದಲ್ಲಿ ಭುಜದ ಬಲ ಬಹುಮಟ್ಟಿಗೆ ಮರಳುತ್ತದೆ. ಆದರೆ ದಿನಗಟ್ಟಲೆ ಎಳೆಯುವ, ತಲೆಯ ಮೇಲಕ್ಕೆ ಕೈ ಎತ್ತಿ ದುಡಿಯುವ ಕೆಲಸದಲ್ಲಿ ಆ ಕಡೆಯ ಭುಜ ಬೇಗ ಸೋಲುವುದನ್ನು ಅನೇಕರು ಹೇಳುತ್ತಾರೆ. ದ್ರಾಕ್ಷಿ ಪಡದಲ್ಲಿ ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ಮುಖ ಮೇಲೆ ಮಾಡಿ, ಗೊನೆಯ ಕಾಯಿ ತೆಳು ಮಾಡುವ ಹೆಣ್ಣುಮಕ್ಕಳನ್ನು ನೋಡಿದವರಿಗೆ ಇದರ ಅರ್ಥ ತಿಳಿಯುತ್ತದೆ. ಬಗಲ ಗ್ರಂಥಿ ತೆಗೆದದ್ದು, ವಿಕಿರಣ ಕೊಟ್ಟದ್ದು ಮೊದಲೇ ಭುಜವನ್ನು ಬಿಗಿ ಮಾಡಿರುತ್ತವೆ. ಅದರ ಮೇಲೆ ಇದು.

ಹೊಟ್ಟೆಯ ಕಡೆ ಬಂದರೆ ಟ್ರ್ಯಾಮ್ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟ: ಹೊಲದಲ್ಲಿ ದುಡಿಯುವವಳಿಗೆ ಬೇರೆ ದಾರಿ ಇರುವಾಗ ಅದು ಬೇಡ. ತುಂಬಿದ ಕೊಡವನ್ನು ನೆಲದಿಂದ ಟೊಂಕಕ್ಕೆ ಎತ್ತಲು, ದ್ರಾಕ್ಷಿಯ ಕ್ರೇಟ್ ಹೊರಲು, ಮಲಗಿದಲ್ಲಿಂದ ಕೈಯೂರದೆ ಏಳಲು ಬೇಕಾದದ್ದು ಹೊಟ್ಟೆಯ ಆ ಉದ್ದ ಸ್ನಾಯು. ಅದನ್ನು ತೆಗೆದರೆ ಹೊಟ್ಟೆ ಬಲ ಕಳೆದುಕೊಂಡು ಉಬ್ಬಬಹುದು, ಹರ್ನಿಯಾ ಆಗಬಹುದು. ಡೀಪ್‌ನಲ್ಲಿ ಸ್ನಾಯು ಉಳಿಯುವುದರಿಂದ ಈ ಅಪಾಯ ಬಹಳ ಕಡಿಮೆ. ಕೈಕಾಲಿನ ದುಡಿಮೆಯ ದೃಷ್ಟಿಯಿಂದ ನೋಡಿದರೆ ಶ್ರೀಮಂತರ ಆಪರೇಶನ್ ಎಂದು ತೋರುವ ಡೀಪೇ ಕೂಲಿ ಹೆಣ್ಣುಮಗಳಿಗೆ ಹೆಚ್ಚು ಒಪ್ಪುತ್ತದೆ. ದೂರ, ಖರ್ಚು ಎರಡೂ ಅಡ್ಡ ನಿಲ್ಲುವುದು ಅಲ್ಲಿಯೇ. ಊರ ಹತ್ತಿರ ಸಿಗಬಹುದಾದದ್ದು ಎಲ್‌ಡಿ. ಮನೆಗೆಲಸ, ಅಂಗಡಿ, ಶಾಲೆ, ಹೊಲಿಗೆ ಮಶೀನು ಇಂಥ ಕೆಲಸದವರಿಗೆ ಅದು ಧಾರಾಳವಾಗಿ ಸಾಕು, ಹಾಗೆಂದು ಹಿಂಜರಿಯದೆ ಹೇಳಬಹುದು. ಹೊಲದ ಕೆಲಸದವರಿಗೂ ಬಲಗೈಯವಳೋ ಎಡಗೈಯವಳೋ, ರೋಗ ಯಾವ ಕಡೆಗೆ ಎಂದು ನೋಡಿದರೆ ಉತ್ತರ ಬದಲಾಗಬಹುದು. ಬಲಗೈಯವಳಿಗೆ ಎಡ ಎದೆಯ ರೋಗವಿದ್ದರೆ ಎಡ ಬೆನ್ನಿನ ಸ್ನಾಯು ಅಷ್ಟು ದೊಡ್ಡ ನಷ್ಟವಲ್ಲ.

ಆಪರೇಶನ್ ಆದ ಮೇಲೆ ಹೆಣ್ಣುಮಕ್ಕಳು ಮೊದಲು ಕೇಳುವುದು ರೊಟ್ಟಿಯ ಮಾತು. "ರೊಟ್ಟಿ ಬಡಿಯಾಕ ಯಾವಾಗ ಕೂಡ್ರಬಹುದ್ರಿ?" ಮೂರು ನಾಲ್ಕು ವಾರ ಹಗುರ ಕೆಲಸ, ಆರು ವಾರದವರೆಗೆ ಭಾರ ಎತ್ತುವುದಿಲ್ಲ, ಹೊಲದ ಕೆಲಸಕ್ಕೆ ಮೂರು ತಿಂಗಳಾದರೂ ಬೇಕು ಎಂಬುದು ಸಾಮಾನ್ಯ ಲೆಕ್ಕ. ಹೊಟ್ಟೆಯ ಗಾಯ ಒಂದು ಟೊಂಕದಿಂದ ಇನ್ನೊಂದು ಟೊಂಕದವರೆಗೆ ಹರಡಿರುತ್ತದೆ. ಪರಕಾರದ ಲಾಡಿ ಅದರ ಮೇಲೆ ಬೀಳದಂತೆ ಕೆಲವು ವಾರ ಮೇಲಕ್ಕೆ, ಸಡಿಲಾಗಿ ಕಟ್ಟಬೇಕು. ಇಂಥ ಸಣ್ಣ ಮಾತನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಯಾರೂ ಬರೆಯುವುದಿಲ್ಲ, ಬರೆಯಬೇಕು.

ಸಿಲಿಕೋನ್ ಇಟ್ಟುಬಿಟ್ಟರೆ ಇಷ್ಟೆಲ್ಲ ಯಾಕೆ ಬೇಕು ಎಂದು ಕೇಳಬಹುದು. 1962ರಲ್ಲಿ ಅಮೆರಿಕದ ಹ್ಯೂಸ್ಟನ್ನಿನಲ್ಲಿ ಮೊದಲ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಅದು ಬೇಗ ಮುಗಿಯುವ, ಬೇರೆ ಕಡೆ ಗಾಯವಿಲ್ಲದ ದಾರಿ. ಅದಕ್ಕೆ ಅದರದೇ ಜಾಗ ಇದೆ. ಆದರೆ ನಮ್ಮ ಹೆಚ್ಚಿನ ರೋಗಿಗಳಿಗೆ ಆಪರೇಶನ್ ನಂತರ ವಿಕಿರಣ ಬೇಕಾಗುತ್ತದೆ. ವಿಕಿರಣ ತಾಗಿದ ಎದೆಯಲ್ಲಿ ಇಂಪ್ಲಾಂಟಿನ ಸುತ್ತ ಗಟ್ಟಿ ಪೊರೆ ಕಟ್ಟಿ, ಬಿಗಿದು, ಆಕಾರ ಕೆಟ್ಟು ನೋಯುವುದು ಹೆಚ್ಚು. ಅದನ್ನು ಜೀವನಪೂರ್ತಿ ಇಟ್ಟುಕೊಳ್ಳುವಂತೆಯೂ ಇಲ್ಲ, ಮುಂದೆ ಬದಲಿಸಬೇಕಾಗಬಹುದು. ಅಪರೂಪದ ಒಂದು ಬಗೆಯ ಲಿಂಫೋಮಾಗೆ ನಂಟಿದೆ ಎಂದು 2019ರಲ್ಲಿ ಒಂದು ಪ್ರಸಿದ್ಧ ಕಂಪನಿ ತನ್ನ ಒರಟು ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂದಕ್ಕೆ ತರಿಸಿಕೊಂಡಿತು. ಸ್ವಂತ ಅಂಗಾಂಶ ತಾನೇ ರಕ್ತ ತರುತ್ತದೆ, ವಿಕಿರಣದಿಂದ ಬಡವಾದ ಎದೆಗೆ ಹೊಸ ಚರ್ಮವನ್ನೂ ತರುತ್ತದೆ. ಮೈ ದಪ್ಪಗಾದರೆ ಅದೂ ದಪ್ಪಗಾಗುತ್ತದೆ, ಇಳಿದರೆ ಇಳಿಯುತ್ತದೆ. ತಡವಾಗಿ ಬಂದು, ವಿಕಿರಣ ಪಡೆದು, ವರುಷ ಕಳೆದ ಮೇಲೆ ಕೇಳುವ ನಮ್ಮ ಭಾಗದ ಹೆಣ್ಣುಮಗಳಿಗೆ ಹೊಂದುವುದು ಇದೇ.

ಭಯಗಳ ಮಾತೂ ಬರಬೇಕು. "ಇದನ್ನ ಮಾಡಿಸಿದ್ರ ಗಂಟ ಮತ್ತ ಬರ್ತೈತೇನ್ರಿ?" ಮರುನಿರ್ಮಾಣದಿಂದ ಕ್ಯಾನ್ಸರ್ ಮರಳುವ ಸಾಧ್ಯತೆ ಹೆಚ್ಚುವುದಿಲ್ಲ. ಮರಳಿದರೆ ಮುಚ್ಚಿಹೋಗುವುದೂ ಇಲ್ಲ, ಹೆಚ್ಚಾಗಿ ಚರ್ಮದ ಕೆಳಗೇ ಕೈಗೆ ಸಿಗುತ್ತದೆ. ಹೊಸ ಸ್ತನಕ್ಕೆ ಮೊದಲಿನ ಸ್ಪರ್ಶ ಬರುವುದಿಲ್ಲ ಎಂಬುದು ಸತ್ಯ, ಅದನ್ನು ಮುಚ್ಚಿಡದೆ ಹೇಳಬೇಕು. ಬಿಸಿನೀರಿನ ಚೀಲ ಇಟ್ಟುಕೊಂಡರೆ ಸುಟ್ಟದ್ದೇ ತಿಳಿಯದೆ ಹೋಗಬಹುದು. ಇಬ್ಬದಿಯೂ ಅಚ್ಚೊತ್ತಿದಂತೆ ಒಂದೇ ಸಮ ಆಗುವುದಿಲ್ಲ. ಮೊಲೆತೊಟ್ಟನ್ನು ಕೆಲವು ತಿಂಗಳ ನಂತರ ಅಲ್ಲಿಯದೇ ಚರ್ಮ ಮಡಿಸಿ ಮಾಡುತ್ತಾರೆ, ಸುತ್ತಲಿನ ಬಣ್ಣಕ್ಕೆ ಹಚ್ಚೆ ಹಾಕುತ್ತಾರೆ. ಅದನ್ನು ಬೇಡ ಎನ್ನುವವರೂ ಬಹಳ.

ತಂಬಾಕಿನ ಮಾತನ್ನು ಗಟ್ಟಿಯಾಗಿಯೇ ಹೇಳಬೇಕಾಗಿದೆ. ನಮ್ಮ ಕಡೆ ಹೆಣ್ಣುಮಕ್ಕಳು ಬೀಡಿ ಸೇದದಿದ್ದರೂ ಎಲೆ ಅಡಿಕೆಯ ಜೊತೆ ತಂಬಾಕು ಹಾಕುತ್ತಾರೆ, ಗಡಿಭಾಗದಲ್ಲಿ ಮಿಶ್ರಿಯಿಂದ, ಅಂದರೆ ಹುರಿದ ತಂಬಾಕಿನ ಪುಡಿಯಿಂದ, ಹಲ್ಲು ತಿಕ್ಕುತ್ತಾರೆ. "ಸಿಗರೇಟು ಸೇದುತ್ತೀರಾ" ಎಂದು ಕೇಳಿದರೆ ಇಲ್ಲ ಎಂದೇ ಉತ್ತರ ಬರುತ್ತದೆ. ಮಿಶ್ರಿಯ ಮಾತು ಕೇಳಬೇಕು. ನಿಕೊಟಿನ್ ಯಾವ ದಾರಿಯಿಂದ ಮೈಗೆ ಹೋದರೂ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ. ಹೊಸದಾಗಿ ಕಟ್ಟಿದ ಸ್ತನ ನಿಂತಿರುವುದೇ ಆ ನಾಳಗಳ ಮೇಲೆ. ಆಪರೇಶನ್ನಿಗೆ ನಾಲ್ಕು ವಾರ ಮೊದಲೇ ಬಿಡಬೇಕು, ಗಾಯ ಮಾಗುವವರೆಗೆ ಮುಟ್ಟಬಾರದು. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು, ರಕ್ತಹೀನತೆ ಇದ್ದರೆ ಸರಿಪಡಿಸಬೇಕು. ಹೊಟ್ಟೆಯ ಹಳೆಯ ಗಾಯಗಳನ್ನೂ ಹೇಳಬೇಕು. ಕರ್ನಾಟಕದ ಮದುವೆಯಾದ ಹೆಣ್ಣುಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಆ ಸಣ್ಣ ಗಾಯ, ಸಿಜೇರಿಯನ್ನಿನ ಅಡ್ಡ ಗಾಯ ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಹೊಟ್ಟೆಯ ನಟ್ಟನಡುವೆ ಉದ್ದಕ್ಕೆ ಸೀಳಿದ ಗಾಯವಿದ್ದರೆ ಅರ್ಧ ಹೊಟ್ಟೆಯನ್ನಷ್ಟೇ ನಂಬಬಹುದು. ಸಿಟಿ ಆಂಜಿಯೋ ಮಾಡಿ ನಾಳಗಳ ನಕ್ಷೆ ನೋಡಿದರೆ ಗೊತ್ತಾಗುತ್ತದೆ.

ಮೊದಲನೆಯ ಕತ್ತರಿಗೆ ಮುನ್ನ ಎಂದೆನಲ್ಲ, ಅದಕ್ಕೆ ಬಲವಾದ ಕಾರಣವಿದೆ. ಬಗಲ ಗ್ರಂಥಿ ತೆಗೆಯುವಾಗ ಬೆನ್ನಿನ ಸ್ನಾಯುವಿಗೆ ಹೋಗುವ ನಾಳವೂ ನರವೂ ಕಣ್ಣೆದುರಿಗೇ ಇರುತ್ತವೆ. ಸರ್ಜನ್ ಅವನ್ನು ಕಾಪಾಡಿದರೆ ಹತ್ತು ವರ್ಷದ ನಂತರವೂ ಎಲ್‌ಡಿಯ ಬಾಗಿಲು ತೆರೆದಿರುತ್ತದೆ. ಕಡಿದುಹೋದರೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ಗಾಯದ ಗೆರೆ ಎಲ್ಲಿ ಬರುತ್ತದೆ, ಎಷ್ಟು ಚರ್ಮ ಉಳಿಯುತ್ತದೆ ಎಂಬುದೂ ಅದೇ ದಿನ ನಿರ್ಧಾರವಾಗುತ್ತದೆ. ವಿಜಯಪುರ ನಗರದಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ: 1984ರ ಅಲ್-ಅಮೀನ್, ಹಾಗೂ ಫ. ಗು. ಹಳಕಟ್ಟಿಯವರು 1910ರಲ್ಲಿ ಕಟ್ಟಿದ ಬಿಎಲ್‌ಡಿಇ ಸಂಸ್ಥೆಯ 1986ರ ಬಿ. ಎಂ. ಪಾಟೀಲ ವೈದ್ಯಕೀಯ ಕಾಲೇಜು. ಜಿಲ್ಲಾ ಆಸ್ಪತ್ರೆಯೂ ಇದೆ. ಸ್ತನ ತೆಗೆಯುವ ಆಪರೇಶನ್ ಗೊತ್ತಾದ ದಿನವೇ ಪ್ಲಾಸ್ಟಿಕ್ ಸರ್ಜನ್ ಹತ್ತಿರ ಒಮ್ಮೆ ಕೂಡಿಸುವ ಪದ್ಧತಿ ಇಂಥ ಕಡೆ ನೆಲೆಯಾದರೆ ಖರ್ಚು ಏನೂ ಇಲ್ಲ. ಅಮೆರಿಕದಲ್ಲಿ ಸ್ತನ ತೆಗೆಯುವುದಕ್ಕೆ ಹಣ ಕೊಡುವ ವಿಮೆ ಮರುನಿರ್ಮಾಣಕ್ಕೂ ಕೊಡಬೇಕು ಎಂದು 1998ರಲ್ಲೇ ಕಾನೂನು ಆಯಿತು. ನಮ್ಮಲ್ಲಿ 2018ರಿಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಇದೆ, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ. ಯಾವ ಆಪರೇಶನ್ ಯಾವ ಪ್ಯಾಕೇಜಿನಲ್ಲಿ ಕೂಡುತ್ತದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ, ಗಡಿ ದಾಟಿ ಮಿರಜ, ಸೊಲ್ಲಾಪುರಕ್ಕೆ ಹೋದರೆ ಕಾರ್ಡು ನಡೆಯುತ್ತದೆಯೇ ಎಂಬುದನ್ನು ಆಸ್ಪತ್ರೆಯಲ್ಲಿ ಈ ಯೋಜನೆಯ ಕೆಲಸ ನೋಡುವ ಆರೋಗ್ಯ ಮಿತ್ರನ ಹತ್ತಿರ ದಾಖಲಾಗುವ ಮೊದಲೇ ಕೇಳಿ ಖಾತ್ರಿ ಮಾಡಿಕೊಳ್ಳಬೇಕು.

ಏನೂ ಕಟ್ಟಿಸಿಕೊಳ್ಳುವುದಿಲ್ಲ ಎನ್ನುವುದೂ ಪೂರ್ತಿ ಗೌರವದ ಆಯ್ಕೆ. ಅಂಥವರಿಗೆ ಎದೆ ಸಪಾಟಾಗಿ, ಮಡಿಕೆ ಉಳಿಯದಂತೆ ಅಚ್ಚುಕಟ್ಟಾಗಿ ಹೊಲಿಯುವುದೂ ಒಂದು ಕಸುಬೇ. ಒಳಉಡುಪಿನಲ್ಲಿ ಇಟ್ಟುಕೊಳ್ಳಲು ಸಿಲಿಕೋನಿನ, ಹತ್ತಿ ನೂಲಿನಲ್ಲಿ ಹೆಣೆದ ಹಗುರ ಕೃತಕ ಸ್ತನಗಳು ಸಿಗುತ್ತವೆ. ಆದರೆ "ಸೆರಗು ಹೊದ್ದರ ಯಾರಿಗೆ ಕಾಣತೈತಿ" ಎಂದು ಬೇರೆಯವರು ತೀರ್ಮಾನಿಸುವುದನ್ನು ನಾನು ಒಪ್ಪಲಾರೆ. ಕೈ ಎತ್ತಿ ದುಡಿಯುವಾಗ ಸೆರಗು ನಿಲ್ಲುವುದಿಲ್ಲ. ಜಳಕದ ಹೊತ್ತಿಗೆ ಸೆರಗೇ ಇರುವುದಿಲ್ಲ. ಭಾರದ ಎದೆಯವಳಿಗೆ ಒಂದೇ ಕಡೆ ತೂಕ ಉಳಿದು ಕುತ್ತಿಗೆ, ಭುಜ ನೋಯುವುದನ್ನು ಸೆರಗು ಮುಚ್ಚುವುದಿಲ್ಲ.

ಸ್ತನ ತೆಗೆದು ಐದು, ಎಂಟು ವರ್ಷ ಆದವರು ಇನ್ನು ತಡವಾಯಿತು ಎಂದುಕೊಳ್ಳಬೇಕಾಗಿಲ್ಲ. ವಿಕಿರಣ ಮುಗಿದು ಆರು ತಿಂಗಳಿಂದ ಒಂದು ವರ್ಷ ಕಳೆದಿದ್ದರೆ, ರೋಗ ಮರಳಿಲ್ಲವೆಂದು ಖಾತ್ರಿಯಾಗಿದ್ದರೆ ಸಾಕು. ತಡವಾಗಿ ಮಾಡಿಸುವುದರಲ್ಲಿ ರೈತಾಪಿ ಮನೆಗೆ ಒಂದು ಅನುಕೂಲವೂ ಇದೆ, ದಿನವನ್ನು ತಾವೇ ಗೊತ್ತು ಮಾಡಬಹುದು. ದ್ರಾಕ್ಷಿಯ ಮನೆಯವರು ಕೊಯ್ಲು ಮುಗಿದು, ಒಣದ್ರಾಕ್ಷಿ ಶೆಡ್ಡಿನಿಂದ ಹೊರಬಿದ್ದು, ಏಪ್ರಿಲ್ ಚಾಟ್ನಿಯ, ಅಂದರೆ ಬಳ್ಳಿ ಸವರುವ ಕೆಲಸದ, ಗಡಿಬಿಡಿ ಕಳೆದ ಮೇಲೆ ಮಾಡಿಸಿದರೆ ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಭುಜ, ಹೊಟ್ಟೆ ಎರಡಕ್ಕೂ ಸಾಕಷ್ಟು ಬಲ ಮರಳಿರುತ್ತದೆ. ಜೋಳದ ಹೊಲದವರು ರಾಶಿ ಮುಗಿಸಿ ಬರಬಹುದು. ಆ ಬೇಸಿಗೆಯಲ್ಲಿ ಬೆವರು, ಧೂಳು ಹೆಚ್ಚು, ಆದ್ದರಿಂದ ಗಾಯ ಒಣಗಿಸಿ ಇಟ್ಟುಕೊಳ್ಳಲು ಮನೆಯಲ್ಲಿ ಒಬ್ಬರು ಜೊತೆಗಿರಬೇಕು, ಮೊದಲ ಎರಡು ವಾರ ಡ್ರೇನಿನ ನೀರು ಅಳೆದು ಬರೆದಿಡಬೇಕು. ಆಮೇಲಿನ ವರ್ಷಗಳಲ್ಲಿ ಹೊಸ ಸ್ತನಕ್ಕೆ ಸಾಮಾನ್ಯವಾಗಿ ಮ್ಯಾಮೊಗ್ರಾಂ ಬೇಕಾಗುವುದಿಲ್ಲ, ವೈದ್ಯರು ಕೈಯಿಂದ ನೋಡಿದರೆ ಸಾಕು. ಇನ್ನೊಂದು ಕಡೆಯ ಸ್ತನಕ್ಕೆ ಮಾತ್ರ ವರ್ಷಕ್ಕೊಮ್ಮೆ ಮ್ಯಾಮೊಗ್ರಾಂ ತಪ್ಪಿಸಬಾರದು.